ಚೇರಮನ್ನರ ಮೊಣಕಾಲು

ಅಣೆಕಟ್ಟಿನ ಹಿನ್ನೀರಿನ ಮುಳುಗಡೆ ಎಂಬುದು ಬಾಗಲಕೋಟೆಯ ಕಟ್ಟೆಗಳ ಮೇಲೆ ಬರೀ ಮಾತಾಗಿದ್ದ ಕಾಲವದು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಹಿರಿಯರು ಚಹಾ ಕುಡಿಯುತ್ತಾ ಹೇಳುತ್ತಿದ್ದರು, ನೀರು ಮಾತ್ರ ಇನ್ನೂ ಬಂದಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಹಳೇ ಊರಿನ ಇಕ್ಕಟ್ಟು ಓಣಿಗಳಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ, ಸಾಲಿಯ ಗೇಟಿನ ಮುಂದೆ ಉಪ್ಪು ಖಾರ ಹಚ್ಚಿದ ಪೇರಲ ಹಣ್ಣು. ನನ್ನ ವಾರಿಗೆಯವರು ಆ ಸಾಲಿಯನ್ನು ನೆನೆದು ಇವತ್ತಿಗೂ ಕಣ್ಣೀರು ತರುತ್ತಾರೆ. ನನಗೆ ಸಿಟ್ಟು ಬರುತ್ತದೆ.

ಸಣ್ಣವಳಿದ್ದಾಗ ಪೋಲಿಯೋ ಬಂದು ನನ್ನ ಒಂದು ಕಾಲು ಪೂರ್ತಿ ಹೋಗಿ, ಇನ್ನೊಂದು ಅರ್ಧ ಉಳಿದಿತ್ತು. ಎರಡು ಊರುಗೋಲು ಹಿಡಿದು ಸಪಾಟು ನೆಲದ ಮೇಲೆ ಚಲೋತ್ನಾಗಿಯೇ ನಡೆಯುತ್ತಿದ್ದೆ. ಮೆಟ್ಟಿಲು ಮಾತ್ರ ಆಗುತ್ತಿರಲಿಲ್ಲ. ಒಂಬತ್ತನೇ ಇಯತ್ತೆ ಕೆಳಗೇ ಇತ್ತು, ಹೇಗೋ ನಡೆಯಿತು. ಹತ್ತನೇ ಇಯತ್ತೆ ಮಹಡಿಯ ಮೇಲೆ. ಎತ್ತರೆತ್ತರದ ಕಲ್ಲಿನ ಪಾವಟಿಗೆಗಳು, ಹಿಡಿದುಕೊಳ್ಳಲು ಏನೂ ಇಲ್ಲ. ಆ ಜೂನಿನಲ್ಲಿ ಅಪ್ಪ, ಅವ್ವ ನನ್ನನ್ನು ಕರೆದುಕೊಂಡು ಹೋಗಿ ಹೆಡ್ಮಾಸ್ತರರ ಮುಂದೆ ನಿಂತರು.

“ಸರ್, ಇದೊಂದು ವರ್ಷ ಹತ್ತನೇ ಇಯತ್ತೆ ತೆಳಗ ಮಾಡ್ರಿ. ನಮ್ಮ ಹುಡುಗಿಗೆ ಪಾವಟಗಿ ಏರಾಕ ಆಗೂದಿಲ್ರಿ,” ಎಂದ ಅಪ್ಪ.

“ಒಬ್ಬಾಕಿ ಸಲುವಾಗಿ ಇಡೀ ಇಯತ್ತೆ ಇಳಸೂದೇನ್ರಿ? ಹತ್ತನೇದು ಮೊದಲಿಂದ ಮ್ಯಾಲೇ ಐತಿ. ಹೆಣ್ಣಹುಡುಗಿ, ಒಂಬತ್ತು ಪಾಸಾಗ್ಯಾಳ, ಸಾಕಲ್ಲ? ಮನ್ಯಾಗ ಕುಂತು ಹೊಲಿಗಿ ಕಲೀಲಿ.”

ಹೊರಗೆ ಬಂದದ್ದೇ ಅವ್ವ ಓಣಿಗೆಲ್ಲಾ ಕೇಳುವಂತೆ ಅಂದಳು: “ಹೊಲಿಗಿ ಮಶಿನ್ ಏನು ಕೈಲೆ ತುಳೀತಾರಂತೇನು? ಇವಗ ಮಾಸ್ತರಿಕಿ ಕೊಟ್ಟಾವರು ಯಾರು?” ಅಪ್ಪ ನಕ್ಕುಬಿಟ್ಟ. ನನಗೂ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. “ನಾ ಸಾಲಿ ಬಿಡಾಂಗಿಲ್ಲ,” ಎಂದೆ.

ಬಿಡದಿರಲು ಕಾರಣವಿತ್ತು. ನನ್ನ ಕಾಲಿಗಾಗಿ ಎಷ್ಟೋ ದವಾಖಾನೆ ತಿರುಗಿದ್ದೆವು. ಒಂದು ಕಡೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ರಕ್ತ ಪರೀಕ್ಷೆ ಮಾಡುತ್ತಾ ಕೂತಿದ್ದ ಹೆಣ್ಣುಮಗಳನ್ನು ಕಂಡಿದ್ದೆ. ಆಕೆ ನನ್ನನ್ನು ಕರೆದು ಒಮ್ಮೆ ಅದರೊಳಗೆ ನೋಡಲು ಬಿಟ್ಟಿದ್ದಳು. ಅವತ್ತೇ ನಿಶ್ಚಯವಾಗಿತ್ತು. ನಾನು ವಿಜ್ಞಾನ ಓದಬೇಕು, ಆ ಕುರ್ಚಿಯ ಮೇಲೆ ಕೂಡಬೇಕು.

ಹಾಗಾಗಿ ಏರಿದೆ. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತಾ ಏರಬೇಕಿತ್ತು. ಗೆಳತಿ ಶಕುಂತಲಾ ನನ್ನ ಊರುಗೋಲು ಬಗಲಲ್ಲಿ ಇಟ್ಟುಕೊಂಡು, ಒಂದು ಮೆಟ್ಟಿಲು ಕೆಳಗೆ ನನಗೆ ಅಡ್ಡಲಾಗಿ ನಿಂತು, ಮೇಲೆ ಸರಿದ ನನ್ನ ಪರಕಾರವನ್ನು ಕಾಲ ಮೇಲೆ ಎಳೆದು ಸರಿಮಾಡುತ್ತಾ ಬರುತ್ತಿದ್ದಳು. “ಏನ್ ನೋಡ್ತೀರೋ? ನಿಮ್ಮ ಮನ್ಯಾಗ ಅಕ್ಕ-ತಂಗ್ಯಾರಿಲ್ಲೇನು?” ಎಂದು ಗಂಡುಹುಡುಗರನ್ನು ಬೈದು ಓಡಿಸುತ್ತಿದ್ದಳು. ಮಾಸ್ತರರು ನಮ್ಮನ್ನು ದಾಟಿಕೊಂಡು ಮೇಲೆ ಹೋಗುತ್ತಿದ್ದರು. “ಪಾಪ” ಎನ್ನುತ್ತಿದ್ದರು. ಆ ಪಾಪದಿಂದ ನನಗೆ ಮೂರು ಕಾಸಿನ ಉಪಯೋಗವಾಗಲಿಲ್ಲ.

ಒಮ್ಮೆ ಏರಿದರೆ ಸಂಜೆಯ ತನಕ ಇಳಿಯುವ ಮಾತಿಲ್ಲ. ಪಾಯಖಾನೆ ಕೆಳಗೆ, ಹಿತ್ತಲಿನ ಆಚೆ. ಅದಕ್ಕೇ ನಾನು ನೀರು ಕುಡಿಯುತ್ತಿರಲಿಲ್ಲ. ಅವ್ವ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ ಒಣಗಂಟಲಲ್ಲೇ ಇಳಿಯಬೇಕು. ಊಟದ ಬಿಡುವಿನಲ್ಲಿ ಶಕುಂತಲಾ ಪೇರಲ ಹಣ್ಣು ತಂದುಕೊಟ್ಟರೆ ಅದರ ಖಾರಕ್ಕೆ ಹೆದರಿ ಒರೆಸಿ ತಿನ್ನುತ್ತಿದ್ದೆ. ಕೆಳಗೆ ಅಂಗಳದಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡುವುದು ಕಿಟಕಿಯಿಂದ ಕಾಣುತ್ತಿತ್ತು. ಗಂಟೆ ಬಾರಿಸುವ ತನಕ ಒಂಟಿಗಾಲಲ್ಲಿ ಕುಂಟಿ, ಬಾರಿಸಿದೊಡನೆ ಎರಡೂ ಕಾಲಲ್ಲಿ ಮೆಟ್ಟಿಲು ಹಾರಿ ಬರುತ್ತಿದ್ದರು. ಅವರ ಮೇಲೂ ಸಿಟ್ಟು ಬರುತ್ತಿತ್ತು, ಪಾಪ, ಅವರದೇನು ತಪ್ಪು.

ಪರೀಕ್ಷೆ ಹತ್ತಿರ ಬಂದಾಗ ಸಾಲಿಯ ಕಮಿಟಿಯ ಚೇರಮನ್ನರು ಹತ್ತನೇ ಇಯತ್ತೆಯವರಿಗೆ ನಾಲ್ಕು ಮಾತು ಹೇಳಲು ಬರುತ್ತಾರೆ ಎಂದಾಯಿತು. ಆ ದಿನ ಬೆಳಿಗ್ಗೆ ಸಾಲಿಗೆ ಹೋದರೆ ಮೆಟ್ಟಿಲ ಮೇಲೆ ದೊಡ್ಡ ಗದ್ದಲ. ಹುಡುಗರು ಮೇಲಿನ ಬೆಂಚುಗಳನ್ನು ಹೊತ್ತು ಇಳಿಸುತ್ತಿದ್ದಾರೆ. ಕೆಳಗಿದ್ದ ಎಂಟನೇ ಇಯತ್ತೆ ಮೇಲೆ ಹೊರಟಿದೆ.

“ಏನಾಗೈತಿ?” ಎಂದು ಸಾಲಿಯ ಸಿಪಾಯಿಯನ್ನು ಕೇಳಿದೆ.

“ಚೇರಮನ್ನರಿಗೆ ಮೊಣಕಾಲ ಬ್ಯಾನಿ ಐತೆವಾ. ಪಾವಟಗಿ ಏರಾಕ ಆಗೂದಿಲ್ಲ.”

ಪ್ರಾರ್ಥನೆ ಮುಗಿಯುವುದರೊಳಗೆ ಹತ್ತನೇ ಇಯತ್ತೆ ಕೆಳಗೆ ಬಂದಿತ್ತು. ಜೂನಿನಲ್ಲಿ ಅಪ್ಪ ಅಂಗಲಾಚಿದರೂ ಇಳಿಯದ ಇಯತ್ತೆ. ನಾನು ಊರುಗೋಲು ಊರಿಕೊಂಡು, ಯಾರ ಹಂಗೂ ಇಲ್ಲದೆ ನಡೆದುಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಮೈಯೆಲ್ಲಾ ಉರಿಯುತ್ತಿತ್ತು.

ಚೇರಮನ್ನರು ಬಂದರು. ವಯಸ್ಸಾದವರು, ಮುಖದಲ್ಲಿ ನೋವು ಕಾಣುತ್ತಿತ್ತು. ಜೀವನದಲ್ಲಿ ಕಷ್ಟಪಟ್ಟು ಮೇಲೆ ಬರಬೇಕು ಎಂದು ಹೇಳಿದರು. ನಡುವೆ ನನ್ನ ಊರುಗೋಲು ಕಣ್ಣಿಗೆ ಬಿದ್ದವು. “ಈ ತಂಗೀನ ನೋಡ್ರಿ. ಇಂಥಾದ್ರಾಗೂ ಎಷ್ಟು ಛಲ! ನಿನಗ ಏನರ ಬೇಕೇನವಾ?”

ಎದ್ದು ನಿಂತೆ. “ನೀವು ದಿನಾ ಬರ್ರಿ.”

“ನಾ ಯಾಕವಾ?”

“ನೀವು ಬಂದ್ರ ಇಯತ್ತೆ ತೆಳಗ ಬರತೈತ್ರಿ.”

ಹುಡುಗರು ಗೊಳ್ಳೆಂದು ನಕ್ಕರು. ಹೆಡ್ಮಾಸ್ತರರ ಮುಖ ಕೆಂಪಗಾಯಿತು. ಚೇರಮನ್ನರೂ ನಕ್ಕು, “ಭಾಳ ಶಾಣ್ಯಾ ಹುಡುಗಿ,” ಎಂದು ನನ್ನ ಮೂಗಿಗೆ ತುಪ್ಪ ಸವರಿ ಜೀಪು ಹತ್ತಿದರು. ಕೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಬೇಡವಾಯಿತೋ.

ಮಧ್ಯಾಹ್ನ ಬೆಂಚುಗಳು ಮತ್ತೆ ಮೇಲೇರಿದವು. ನಾನು ಕೂತ ಬೆಂಚಿನಿಂದ ಏಳಲಿಲ್ಲ. “ಏಳವಾ, ನನ್ನ ನೌಕರಿ ಹೋಗತೈತಿ,” ಎಂದು ಸಿಪಾಯಿ ಕೈಮುಗಿದ. ಎದ್ದೆ. ಮೆಟ್ಟಿಲಿಗೆ ಬೆನ್ನು ಮಾಡಿ ಕೂತೆ. ಶಕುಂತಲಾ ಅಳುತ್ತಿದ್ದಳು, ನಾನು ಅಳಲಿಲ್ಲ.

ಪಾಸಾದೆ, ಒಳ್ಳೆಯ ಅಂಕ ಬಂದವು. ಕಾಲೇಜಿನಲ್ಲಿ ವಿಜ್ಞಾನ ಕೇಳಿದರೆ, ಪ್ರಯೋಗಶಾಲೆ ಮೇಲಿದೆ, ನಿನ್ನಿಂದ ಆಗುವುದಿಲ್ಲ ಎಂದರು. ಮತ್ತೆರಡು ವರ್ಷ ಬೆನ್ನು ಸವೆಸಲು, ಬಾಯಾರಿ ಕೂಡಲು ನನ್ನಲ್ಲಿ ಕಸುವು ಉಳಿದಿರಲಿಲ್ಲ. ಆರ್ಟ್ಸ್ ತೆಗೆದುಕೊಂಡೆ, ಕಚೇರಿಯಲ್ಲಿ ಗುಮಾಸ್ತೆಯಾದೆ. ಸೂಕ್ಷ್ಮದರ್ಶಕದೊಳಗೆ ಮತ್ತೆಂದೂ ನೋಡಲಿಲ್ಲ.

ಆಮೇಲೆ ಹಿನ್ನೀರು ಖರೆಯೇ ಬಂತು. ಮನೆ, ಓಣಿ, ಸಾಲಿ ಎಲ್ಲಾ ಹೋದವು. ನಮ್ಮ ಮನೆಗಾಗಿ ನಾನೂ ಅತ್ತಿದ್ದೇನೆ. ಆದರೆ ನನ್ನದೊಂದು ಊರು ನೀರು ಬರುವ ಮೊದಲೇ ಮುಳುಗಿತ್ತು, ಅದಕ್ಕೆ ಪರಿಹಾರ ಕೊಟ್ಟವರಿಲ್ಲ.

ಈಚೆಗೆ, ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಹೊಸ ಸಾಲಿಯಲ್ಲಿ ಹಳೇ ವಿದ್ಯಾರ್ಥಿಗಳ ಸಭೆ ಇತ್ತು. ಬಯಲು ನೆಲದಲ್ಲಿ, ಎಲ್ಲವನ್ನೂ ಹೊಸದಾಗಿ ನಕ್ಷೆ ಹಾಕಿ ಕಟ್ಟಿದ ಸಾಲಿ. ಬಾಗಿಲಿಗೇ ಮೆಟ್ಟಿಲು, ಸಭೆ ಮಹಡಿಯ ಮೇಲೆ. ನಾನು ಗಾಲಿಕುರ್ಚಿಯಲ್ಲಿ ಕೆಳಗೆ.

ಈಗಿನ ಹೆಡ್ಮಾಸ್ತರರು ಓಡಿಬಂದರು. “ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ನಾಕು ಮಂದಿ ಸೇರಿ ಎತ್ತಿ ಒಯ್ತೀವಿ.”

“ನನ್ನ ಎತ್ತಬ್ಯಾಡ್ರಿ,” ಎಂದೆ. “ನಿಮ್ಮ ಕುರ್ಚಿ ತೆಳಗ ತರ್ರಿ.”

ಅವರು ತಲೆ ಕೆರೆದುಕೊಂಡರು. ತಲೆ ಬೆಳ್ಳಗಾದ ಶಕುಂತಲಾ ಮೇಲಿನಿಂದ ಒಂದು ಕುರ್ಚಿ ಹಿಡಿದು ಇಳಿದೇಬಿಟ್ಟಳು. ಅವಳ ಹಿಂದೆ ಒಬ್ಬೊಬ್ಬರೇ ಇಳಿದರು. ಚಹಾ ಆರುವುದರೊಳಗೆ ಸಭೆ ಅಂಗಳಕ್ಕೆ ಬಂದಿತ್ತು. ಅಷ್ಟೇ ಕೆಲಸ ಅದು. ಆಗಲೂ ಅಷ್ಟೇ ಇತ್ತು.