ಮೊದಲ ಪೆಟ್ಟಿಗೆಯ ತೂಕ

ಆಕೆ ನಮ್ಮ ಕೋಣೆಗೆ ಕೆಲಸಕ್ಕೆ ಬರುತ್ತಾಳೆ ಎಂದು ಮ್ಯಾನೇಜರು ಹೇಳಿದಾಗ ನಾವು ಯಾರೂ ತಲೆ ಎತ್ತಲಿಲ್ಲ. ಆಕೆಯ ಗಂಡ ಸತ್ತದ್ದು ನಮ್ಮದೇ ಗೋದಾಮಿನಲ್ಲಿ. ಆ ಸಾವಿಗೆ ಕಾರಣವಾದ ಅಂಕಿ ಹಾದುಹೋದದ್ದು ನಮ್ಮದೇ ಕೋಣೆಯಿಂದ.

ನಮ್ಮದು ಹಲವು ಊರುಗಳಲ್ಲಿ ಅಂಗಡಿಗಳಿದ್ದ ದೊಡ್ಡ ಕಂಪನಿ. ಸೋಪು, ಬಲ್ಬು, ಬಕೆಟ್ಟು, ಏನೇ ಹೊಸ ಸಾಮಾನು ಅಂಗಡಿಗೆ ಬರಬೇಕಾದರೂ ಮೊದಲು ಅದರ ವಿವರ ನಮ್ಮ ಕೋಣೆಗೆ ಬರಬೇಕಿತ್ತು. ಹೆಸರೇನು, ಒಂದು ಪೆಟ್ಟಿಗೆಯಲ್ಲಿ ಎಷ್ಟಿರುತ್ತವೆ, ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಎಷ್ಟು, ತೂಕ ಎಷ್ಟು. ಸಾಮಾನು ತಯಾರಿಸುವವರು ಇವನ್ನೆಲ್ಲ ಕಳಿಸುತ್ತಿದ್ದರು, ನಾವು ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಅಲ್ಲಿಂದ ಮುಂದೆ ಲಾರಿ ತುಂಬುವವರು, ಗೋದಾಮಿನಲ್ಲಿ ಜೋಡಿಸುವವರು, ಅಂಗಡಿಯಲ್ಲಿ ಬೆಲೆಚೀಟಿ ಅಂಟಿಸುವವರು, ಎಲ್ಲರೂ ಅದನ್ನೇ ನಂಬಬೇಕು. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವಂಥ ಕೆಲಸ. ಎತ್ತು ಹೇಗಪ್ಪಾ ಈದೀತು ಎಂದು ಕೇಳುವುದು ಯಾರ ಪಾಲಿಗೂ ಬಂದಿರಲಿಲ್ಲ.

ಆದದ್ದು ಇಷ್ಟು. ನೆಲ ಒರೆಸುವ ಫಿನಾಯಿಲು ಮಾಡುವ ಒಂದು ಕಾರ್ಖಾನೆ ತನ್ನ ಬಾಟಲಿಯನ್ನು ದೊಡ್ಡದು ಮಾಡಿತು. ಅರ್ಧ ಲೀಟರಿನದು ಒಂದು ಲೀಟರಾಯಿತು. ಪೆಟ್ಟಿಗೆಯಲ್ಲಿ ಬಾಟಲಿ ಹಿಂದಿನಷ್ಟೇ. ಅವರು ಹೊಸ ವಿವರ ಕಳಿಸಿದಾಗ ಹೆಸರು ಬದಲಾಗಿತ್ತು, ಅಳತೆ ಬದಲಾಗಿತ್ತು, ತೂಕ ಮಾತ್ರ ಹಳೆಯದೇ ಉಳಿದಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹಗುರ ಸಾಮಾನು, ಹಗುರ ಸಾಮಾನಿನ ಜಾಗ ಮೇಲಿನ ರ‍್ಯಾಕು. ಎತ್ತಿ ಇಡುವುದು ಯಂತ್ರವಾದ್ದರಿಂದ ಆ ಭಾರ ಯಾರ ಕೈಗೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ, ಊಟ ಮುಗಿಸಿದವರು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಾಗ, ಆ ರ‍್ಯಾಕು ನಡು ಬಾಗಿ ಕುಸಿಯಿತು. ಕೆಳಗೆ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು ಆಕೆಯ ಗಂಡ. ಯಾರನ್ನು ಕಂಡರೂ ಶಿಳ್ಳೆ ಹೊಡೆದು ಮಾತಾಡಿಸುವ ಮನುಷ್ಯ.

ವಿಚಾರಣೆ ನಡೆಯಿತು. ಭಾರ ಮಿತಿ ಮೀರಿತ್ತು ಎಂದರು ರ‍್ಯಾಕು ಕಟ್ಟಿದವರು. ಕಂಪ್ಯೂಟರು ಹೇಳಿದಲ್ಲಿ ಇಟ್ಟೆವು ಎಂದರು ಗೋದಾಮಿನವರು. ಕಾರ್ಖಾನೆ ಕಳಿಸಿದ್ದನ್ನೇ ಏರಿಸಿದೆವು ಎಂದೆವು ನಾವು. ನೀವು ಒಂದು ಸಲವಾದರೂ ತೂಗಿ ನೋಡಬಾರದಿತ್ತೇ ಎಂದರು ಕಾರ್ಖಾನೆಯ ಮಾಲೀಕರು. ತಪ್ಪು ಎಲ್ಲರ ಮೇಲೂ ಹಂಚಿಹೋಗಿ, ಕೊನೆಗೆ ಯಾರ ಮೇಲೂ ಉಳಿಯಲಿಲ್ಲ.

ಕಂಪನಿ ಆಕೆಗೆ ಕೆಲಸ ಕೊಡಲು ಮುಂದೆ ಬಂತು. ಅಂಗಡಿಯ ಕೌಂಟರಿನಲ್ಲಿ, ತಂಪು ಗಾಳಿಯಲ್ಲಿ ಕೂತು ಮಾಡುವ ಕೆಲಸ. ಆಕೆ ಕೇಳಿದ್ದು ಬೇರೆ.

"ತೂಕ ಬರ‍್ಕೊಳ್ಳೋ ಕೋಣೆ ಯಾವ್ದು ಸರ್? ನಂಗೆ ಅಲ್ಲೇ ಕೊಡಿ."

ಮನೆಯಲ್ಲಿ ಇದಕ್ಕೆ ರಂಪವಾಯಿತು. ಬೀಗ ರಿಪೇರಿಯವನ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಆಕೆ, ಸ್ಕೂಲಿಗೆ ಹೋಗುವ ಮಗಳು, ಅತ್ತೆ. ಕಿಟಕಿಯ ಬಳಿ ಹೊಲಿಗೆ ಮಷೀನು. ಅದುವರೆಗೂ ಆಕೆ ಕರ್ಟನ್ನು, ಯೂನಿಫಾರ್ಮು ಹೊಲಿದು ಸಂಸಾರಕ್ಕೆ ಕೈಜೋಡಿಸುತ್ತಿದ್ದಳು.

"ನನ್ನ ಮಗನ್ನ ನುಂಗಿದ ಬಾಯಿಗೆ ನೀನೂ ಹೋಗಿ ನಿಂತ್ಕೋತೀಯಾ?" ಎಂದರು ಅತ್ತೆ. "ಆ ಅನ್ನ ನಿನ್ನ ಗಂಟಲಲ್ಲಿ ಇಳಿಯುತ್ತಾ?"

"ಆ ಬಾಯಿ ಮುಚ್ಚೋಕೇ ಹೋಗ್ತಿರೋದು ಅತ್ತೆ."

ಆ ದಿನದಿಂದ ಅತ್ತೆ ಆಕೆಯೊಡನೆ ಮಾತು ಬಿಟ್ಟರು. ಹೇಳುವುದೇನಿದ್ದರೂ ಮೊಮ್ಮಗಳ ಮೂಲಕ. ಮೂವರೂ ಒಂದೇ ಕೋಣೆಯಲ್ಲಿ ಕೂತಿರುವಾಗಲೂ "ನಿಮ್ಮಮ್ಮಂಗೆ ಹೇಳು, ಗ್ಯಾಸ್ ಮುಗೀತಾ ಬಂತು ಅಂತ" ಎನ್ನುವರು. ಮಗಳು ಪುಸ್ತಕದಿಂದ ತಲೆ ಎತ್ತದೆ "ಅಮ್ಮ, ಕೇಳಿಸ್ತಲ್ಲಾ?" ಎನ್ನುವಳು. ಇದನ್ನು ಆಕೆ ನನಗೆ ಹೇಳುವಾಗ ನಗುತ್ತಿದ್ದಳು. ಆ ನಗು ಮುಗಿಯುವ ಹೊತ್ತಿಗೆ ನಾನು ಬೇರೆಲ್ಲಾದರೂ ನೋಡಬೇಕಾಗುತ್ತಿತ್ತು.

ಆಕೆಯ ಮೇಜು ನನ್ನ ಪಕ್ಕದ್ದು. ಕೆಲಸ ಕಲಿಸಿದವಳು ನಾನೇ. ಬಂದ ಮೊದಲ ವಾರವೇ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು: "ಅಕ್ಕ, ಇದು ತೂಗಿ ನೋಡಿದ್ದಾ, ಇಲ್ಲಾ ಅವರು ಹೇಳಿದ್ದಾ?"

"ಅವರು ಹೇಳಿದ್ದೇ. ನಾವು ತೂಗೋದಿಲ್ಲ."

"ತೂಗಿದ್ರೆ ಯಾರಾದ್ರೂ ಬೈತಾರಾ?"

ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದ ತೂಕದ ಯಂತ್ರವನ್ನು ಎಳೆಸಿ ಬಾಗಿಲ ಬಳಿ ಇರಿಸಿದಳು. ಹೊಲಿಗೆಯ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಹೊಸ ಸಾಮಾನು ಯಾವುದೇ ಬರಲಿ, ಮೊದಲ ಪೆಟ್ಟಿಗೆಯನ್ನು ಇಳಿಸಿ ತೂಗುವುದು, ಅಳೆಯುವುದು, ಪರದೆಯಲ್ಲಿದ್ದದ್ದಕ್ಕೆ ಹೋಲಿಸುವುದು. ಹುಳುಕು ಒಂದೊಂದಾಗಿ ಹೊರಗೆ ಬಂತು. ಒಬ್ಬರು ಉದ್ದದ ಜಾಗದಲ್ಲಿ ಎತ್ತರ ಬರೆದಿದ್ದರು. ಇನ್ನೊಬ್ಬರು ಬಿಸ್ಕತ್ತಿನ ಡಬ್ಬಕ್ಕೆ ಖಾಲಿ ಡಬ್ಬದ ತೂಕ ಕೊಟ್ಟಿದ್ದರು. ಒಂದು ಛತ್ರಿಯ ತೂಕ ಮುನ್ನೂರು ಗ್ರಾಮಿನ ಬದಲು ಮುನ್ನೂರು ಕಿಲೋ ಎಂದಿತ್ತು.

"ಅಕ್ಕ, ಈ ಛತ್ರಿ ಹಿಡ್ಕೊಳ್ಳೋಕೆ ಕ್ರೇನ್ ಬೇಕು ನೋಡಿ" ಎಂದಳು. ಆ ಕೋಣೆಯಲ್ಲಿ ಬಹಳ ದಿನದ ಮೇಲೆ ಎಲ್ಲರೂ ನಕ್ಕೆವು. ಆಕೆಯೂ ನಕ್ಕಳು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಹೊರಗೆ ಲಾರಿಗಳು ಸಾಲುಗಟ್ಟಿದವು. ಡ್ರೈವರುಗಳು ಆಕೆಗೆ ತಕ್ಕಡಿಯಮ್ಮ ಎಂದು ಹೆಸರಿಟ್ಟರು. "ಬಂದ್ಲಪ್ಪ ತಕ್ಕಡಿಯಮ್ಮ, ಇನ್ನು ನಮ್ಮ ಬುತ್ತೀನೂ ತೂಗಿಯೇ ಒಳಗೆ ಬಿಡೋದು" ಎಂದು ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ದೂರು ಮೇಲಕ್ಕೆ ಹೋಗಿ, ಮ್ಯಾನೇಜರು ಆಕೆಯನ್ನು ಕರೆಸಿದರು. ನಾನೂ ಜೊತೆಗಿದ್ದೆ.

"ನೋಡಮ್ಮ, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ಹೀಗೆ ಎಲ್ಲಾನೂ ತೂಗ್ತಾ ಕೂತ್ರೆ ಅಂಗಡಿಗಳು ಖಾಲಿ ಬೀಳ್ತವೆ."

"ನಿಜ ಸರ್, ಇಲ್ಲಿ ಬಂದ್ಮೇಲೆ ತಪ್ಪು ಸಿಕ್ರೆ ತಡ ಆಗುತ್ತೆ. ಅಲ್ಲಿಂದ ಹೊರಡೋಕೆ ಮುಂಚೆ ಅವರೇ ತೂಗಿ ವಿವರ ಕಳಿಸ್ಲಿ. ಇಲ್ಲಿ ನಾವು ಮೊದಲ ಪೆಟ್ಟಿಗೆ ಒಂದನ್ನ ನೋಡೋಣ. ಎರಡೂ ತಾಳೆ ಆದ್ರೆ ಸರಾಗವಾಗಿ ಒಳಗೆ ಹೋಗುತ್ತೆ."

"ಹೇಳೋಕೇನೋ ಚೆನ್ನಾಗಿದೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಅಷ್ಟು ಕಂಪನಿಗಳಿಗೆ ಯಾರು ಹೋಗಿ ಹೇಳ್ತಾರೆ?"

"ನಾನು ಹೋಗ್ತೀನಿ ಸರ್. ಮೊದಲು ಆ ಫಿನಾಯಿಲ್ ಕಾರ್ಖಾನೆಗೆ ಹೋಗ್ತೀನಿ."

ಮ್ಯಾನೇಜರು ಪೆನ್ನನ್ನು ಮುಚ್ಚಿದರು, ತೆರೆದರು. ಕೊನೆಗೆ ನನ್ನ ಕಡೆ ನೋಡಿ "ನೀವೂ ಹೋಗಿ ಬನ್ನಿ" ಎಂದರು.

ಕಾರ್ಖಾನೆಯ ಗೇಟು ದಾಟುವ ಮೊದಲೇ ನಿಂಬೆಯ ಘಾಟು ಮೂಗಿಗೆ ಬಡಿಯಿತು. ವಿವರ ಕಳಿಸುವ ಗುಮಾಸ್ತರು ಬಾಟಲಿ ತುಂಬುವ ಸಾಲಿನ ಪಕ್ಕದ ಸಣ್ಣ ಗಾಜಿನ ಕೋಣೆಯಲ್ಲಿದ್ದರು. ನಿವೃತ್ತಿಗೆ ಹತ್ತಿರದ ವಯಸ್ಸು, ಮೊಣಕೈ ಸವೆದ ಸ್ವೆಟರು, ದಾರ ಕಟ್ಟಿದ ಕನ್ನಡಕ. ಅಂಗಡಿ ಕಂಪನಿಯವರು ಬಂದಿದ್ದಾರೆಂದು ಕುರ್ಚಿ ಒರೆಸಿ ಕೂರಿಸಿದರು, ಟೀ ತರಿಸಿದರು. ಆಕೆ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಹೊಸ ಸಾಮಾನಿನ ವಿವರವನ್ನು ಹೇಗೆ ಮಾಡುತ್ತೀರಿ ಎಂದು ಆಕೆ ಕೇಳಿದಳು.

"ಹಳೇದೊಂದನ್ನ ನಕಲು ಮಾಡ್ಕೊಂಡು, ಬದಲಾಗಿರೋದನ್ನ ತಿದ್ತೀನಮ್ಮ. ಒಬ್ಬನೇ ಇರೋದು. ಒಂದೊಂದ್ಸಲ ಏನಾದ್ರೂ ಕಣ್ತಪ್ಪುತ್ತೆ. ನೀವು ಫೋನ್ ಮಾಡಿದ್ರೆ ಸರಿ ಮಾಡ್ತೀನಿ. ಅದೇನು ಪ್ರಾಣ ಹೋಗೋ ವಿಷ್ಯ ಅಲ್ವಲ್ಲ" ಎಂದು ಸಮಾಧಾನ ಮಾಡುವವರಂತೆ ನಕ್ಕರು.

ನಾನು ಟೀ ಲೋಟದೊಳಗೆ ನೋಡುತ್ತಾ ಕೂತೆ.

"ಹೋಗಿದೆ ಸರ್" ಎಂದಳು ಆಕೆ.

"ಏನು?"

"ಪ್ರಾಣ. ನಮ್ಮ ಯಜಮಾನರದ್ದು. ನಿಮ್ಮ ಒಂದು ಲೀಟರಿನ ಬಾಟಲಿ ಬಂತಲ್ಲ, ಆವಾಗ."

ಅವರಿಗೆ ಅರ್ಥವಾಗಲಿಲ್ಲ. ಆಕೆ ಏರುದನಿ ಮಾಡದೆ, ಅಳದೆ, ಎಲ್ಲವನ್ನೂ ಹೇಳಿದಳು. ಅವರು ಎದ್ದು ನಿಂತರು, ಮತ್ತೆ ಕೂತರು. ಲೋಟದ ಟೀ ಸ್ವೆಟರಿನ ಮೇಲೆ ಚೆಲ್ಲಿತು.

"ತೂಕ ತಪ್ಪಾಗಿದೆ, ತಿದ್ದು ಅಂದ್ರು ನಮ್ಮ ಮಾಲೀಕರು. ತಿದ್ದಿದೆ. ಅಷ್ಟೇ ಅಮ್ಮ ನಂಗೆ ಗೊತ್ತಿರೋದು. ನಂಗೆ ಯಾರೂ ಹೇಳ್ಲೇ ಇಲ್ಲ..."

ಆಕೆ ಅವರ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು: "ಇಲ್ಲಿ ತೂಕದ ಮಷೀನು ಇದ್ಯಾ?"

"ಕೆಳಗೆ, ಲೋಡಿಂಗ್ ಹತ್ರ."

"ಬನ್ನಿ, ಒಂದು ಪೆಟ್ಟಿಗೆ ತೂಗೋಣ."

ಕೆಳಗೆ ಹೋದೆವು. ಕೆಲಸದವನೊಬ್ಬ ಪೆಟ್ಟಿಗೆ ಎತ್ತಲು ಬಂದ. ಗುಮಾಸ್ತರು ಅವನನ್ನು ತಡೆದು, ಸ್ವೆಟರಿನ ತೋಳು ಮಡಚಿ ತಾವೇ ಎತ್ತಿದರು. ಮಂಡಿ ಬಾಗಿತು, ಮುಖ ಕೆಂಪಾಯಿತು. ಅಷ್ಟು ವರ್ಷ ಅವುಗಳ ತೂಕ ಬರೆದಿದ್ದರೂ ಒಂದು ಪೆಟ್ಟಿಗೆಯನ್ನೂ ಅವರು ಎತ್ತಿರಲಿಲ್ಲ. ಯಂತ್ರದ ಮೇಲೆ ಇಳಿಸಿ, ಏದುಸಿರು ಬಿಡುತ್ತಾ, "ಇಷ್ಟು ಭಾರನಾ" ಎಂದರು. ಅದು ನಮಗೆ ಹೇಳಿದ್ದಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಅತ್ತಳು.

"ಆ ಮನುಷ್ಯ ಸಿಕ್ರೆ ಹೀಗೆ ಅನ್ಬೇಕು, ಹಾಗೆ ಅನ್ಬೇಕು ಅಂತ ಮಾತು ಕೂಡಿಟ್ಕೊಂಡಿದ್ದೆ ಅಕ್ಕ. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ, ಅದೇ ಮಾತು. ಅವರನ್ನ ನೋಡಿದ್ಮೇಲೆ ಒಂದೂ ಬಾಯಿಗೆ ಬರ‍್ಲಿಲ್ಲ. ಈಗ ಆ ಸಿಟ್ಟೂ ಹೋಯ್ತು. ಇಷ್ಟು ದಿನ ಅದನ್ನೇ ಹಿಡ್ಕೊಂಡು ನಡೀತಿದ್ದೆ. ಇನ್ನು ಏನ್ ಹಿಡ್ಕೊಳ್ಳಲಿ?"

ಆಮೇಲೆ ಆ ಕಾರ್ಖಾನೆಯಿಂದ ತಪ್ಪು ತೂಕ ಬರಲಿಲ್ಲ. ಗುಮಾಸ್ತರು ತೂಗಿ, ಬರೆದು, ಫೋನು ಮಾಡಿ ಆಕೆಗೆ ಓದಿ ಹೇಳುವರು. ಇಲ್ಲಿ ಆಕೆ ತೂಗಿ ಓದಿ ಹೇಳುವಳು. ಇವರಿಬ್ಬರದು ಸುಸೂತ್ರವಾಗಿ ನಡೆದದ್ದನ್ನು ಕಂಡು ಮ್ಯಾನೇಜರು ಇತರರಿಗೂ ಹಾಗೆಯೇ ಮಾಡಲು ಬರೆದರು. ಕೆಲವರು ಒಪ್ಪಿದರು, ಕೆಲವರು ಗೊಣಗಿದರು, ಲಾರಿ ನಮ್ಮ ಗೇಟಿನಿಂದಲೇ ತಿರುಗಿ ಹೋದ ಮೇಲೆ ಅವರೂ ಒಪ್ಪಿದರು. ಮೇಲಿನ ಕಚೇರಿಯಲ್ಲಿ ಇದರ ಶ್ರೇಯಸ್ಸು ಮ್ಯಾನೇಜರಿಗೆ ಹೋಯಿತು. ಆಕೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆಕೆಗೆ ಹತ್ತಿದ ಕೊರಗು ಬೇರೆ. ಗುಮಾಸ್ತರು ಬರಬರುತ್ತಾ ಒಂದೇ ಪೆಟ್ಟಿಗೆಯನ್ನು ಮತ್ತೆ ಮತ್ತೆ ತೂಗತೊಡಗಿದರು. ಬರೆದ ಅಂಕಿಯನ್ನು ನಂಬದೆ ಕೆಳಗೆ ಓಡುವರು, ಮತ್ತೆ ತೂಗುವರು, ಮೇಲೆ ಬಂದು ಮತ್ತೆ ಅನುಮಾನಪಡುವರು. ಕೆಲಸ ನಿಂತುಹೋಗಿ, ನಿವೃತ್ತಿಗೆ ಮೊದಲೇ ಕಾರ್ಖಾನೆ ಅವರನ್ನು ಮನೆಗೆ ಕಳಿಸಿತು. ಆಕೆ ಗುಮಾಸ್ತರ ಮನೆಗೆ ಫೋನು ಮಾಡಿದಾಗ ಅವರ ಹೆಂಡತಿ ಎತ್ತಿಕೊಂಡರು. "ಉಪ್ಪಿನ ಡಬ್ಬೀನೂ ಕೈಯಲ್ಲಿ ಹಿಡಿದು ಹಿಡಿದು ನೋಡ್ತಾರಮ್ಮ. ನಿದ್ದೆ ಇಲ್ಲ" ಎಂದರಂತೆ.

"ಅಕ್ಕ, ನಾನು ಅವತ್ತು ಹೇಳ್ಬಾರದಿತ್ತಾ?" ಎಂದು ಕೇಳಿದಳು.

ನಾನು ಆಕೆಯ ಬೆನ್ನ ಮೇಲೆ ಕೈ ಇಟ್ಟೆ.

ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಮಗ್ಗುಲು ಹೊರಳಿಸುವುದು, ಮೈ ಒರೆಸುವುದು, ತುತ್ತು ಬಾಯಿಗಿಡುವುದು ಎಲ್ಲವೂ ಆಕೆಯದೇ. ಆಗಲೂ ಮುದುಕಿ ಆಕೆಯೊಡನೆ ಮಾತಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಮಗಳು ಟ್ಯೂಷನ್ನಿಗೆ ಹೋಗಿದ್ದಾಗ, ಆಕೆ ಅತ್ತೆಯ ತಲೆ ಬಾಚುತ್ತಿದ್ದಂತೆ ಅವರು ಇದ್ದಕ್ಕಿದ್ದಂತೆ ನೇರವಾಗಿ ಕೇಳಿದರು.

"ನೀನು ಎಲ್ಲಾನೂ ತೂಗ್ತೀಯಂತಲ್ಲ. ಅವನ ಮೇಲೆ ಬಿತ್ತಲ್ಲ, ಅದು ಎಷ್ಟು ಭಾರ ಇತ್ತೇ?"

ಆಕೆಗೆ ಅದು ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು. ರ‍್ಯಾಕು ಕುಸಿದ ದಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಕೈಯಲ್ಲಿ ಎತ್ತಿ ಬಿಸಾಡುತ್ತಿರುವಾಗ ಒಳಗಿನಿಂದ ಅವನು ಕೂಗುತ್ತಲೇ ಇದ್ದ. ಕೂಗು ಕೇಳುತ್ತಿದೆ ಎಂಬುದೇ ಆಗ ಗೋದಾಮಿನವರಿಗೆ ಧೈರ್ಯವಾಗಿತ್ತು.

"ಏನೂ ಇಲ್ಲ ಅತ್ತೆ" ಎಂದಳು ಆಕೆ. "ಹಗುರ ಸಾಮಾನು. ಒಂದೇ ಒಂದು ಪೆಟ್ಟಿಗೆ ತಲೆಗೆ ತಾಗ್ತು. ಅವರಿಗೆ ಏನೂ ತಿಳೀಲಿಲ್ಲ."

"ಹೌದಾ?"

"ಹೂಂ ಅತ್ತೆ. ಕಣ್ಣು ಮುಚ್ಚಿದ ಹಾಗೆ."

ಮುದುಕಿ ಸೂರನ್ನು ನೋಡುತ್ತಾ ಮಲಗಿದ್ದರು. "ಹಾಗಿದ್ರೆ ಸರಿ ಬಿಡು" ಎಂದು, ಸ್ವಲ್ಪ ಹೊತ್ತಿಗೆ, "ನೀರು ಕೊಡೇ" ಎಂದರು. ಅದಾದ ಮೇಲೆ ಅವರು ಬಹಳ ದಿನ ಬದುಕಲಿಲ್ಲ. ಬದುಕಿದಷ್ಟು ದಿನ ಬೇಕಾದ್ದನ್ನೆಲ್ಲ ಸೊಸೆಯನ್ನೇ ಕೇಳಿದರು.

ನಾನು ಈಗ ಕೆಲಸ ಬಿಟ್ಟಿದ್ದೇನೆ. ಆಕೆಯ ಮಗಳು ನರ್ಸಿಂಗ್ ಓದುತ್ತಾ ಹಾಸ್ಟೆಲಿನಲ್ಲಿದ್ದಾಳೆ. ಆಕೆ ರಜೆಯ ದಿನ ಮಧ್ಯಾಹ್ನ ಬಸ್ಸು ಹತ್ತಿ ಆ ಗುಮಾಸ್ತರ ಮನೆಗೆ ಹೋಗಿ ಬರುತ್ತಾಳೆಂದು ಹೋದ ವಾರವಷ್ಟೇ ನನಗೆ ತಿಳಿಯಿತು. ಬಹಳ ದಿನದಿಂದ ಹೋಗುತ್ತಿದ್ದಾಳಂತೆ.

"ಅಲ್ಲಿ ಹೋಗಿ ಏನ್ ಮಾತಾಡ್ತೀಯೇ?" ಎಂದೆ.

"ಏನೂ ಇಲ್ಲ ಅಕ್ಕ. ಅವರ ಮನೆಯವರು ಟೀ ಮಾಡ್ತಾರೆ. ಮೂರೂ ಜನ ಟೀವಿ ನೋಡ್ತೀವಿ. ಹೊತ್ತಾಯ್ತು ಅಂತ ಎದ್ರೆ ಅವರು ಬಸ್‌ಸ್ಟಾಪಿನ ತನಕ ಬರ್ತಾರೆ. ಬೇಡ ಅಂದ್ರೂ ಕೇಳಲ್ಲ."