ರಾಣಿಯ ಕಾಲಿಗೆ ಮೊಟ್ಟೆಕಟ್ಟು

ಇವತ್ತು ಬೆಳಿಗ್ಗೆ ಹರಳೆಣ್ಣೆ ಬಾಟಲಿ ತೆರೆದೆ. ಆ ವಾಸನೆಗೆ ದೊಡ್ಡಬೆಳವಂಗಲದ ನಮ್ಮ ಜಗಲಿಯೇ ಎದ್ದು ಬಂತು.

ಆಗ ನಮ್ಮಲ್ಲಿ ರಾಣಿ ಎಂಬ ಬೇಟೆನಾಯಿ ಇತ್ತು. ಕಿವಿ, ಕಾಲು, ಬಾಲದ ತುಂಬ ರೇಷ್ಮೆಯಂಥ ಉದ್ದ ಕೂದಲು. ಅಂಬಲಿ ಕುಡಿಯುವಾಗ ಕಿವಿ ಅದರಲ್ಲಿ ಮುಳುಗದಂತೆ ಅಜ್ಜಿ ನನ್ನ ಸ್ಕೂಲಿನ ರಿಬ್ಬನ್ನಿನಲ್ಲಿ ಎರಡನ್ನೂ ಮೇಲೆತ್ತಿ ಕಟ್ಟುತ್ತಿದ್ದಳು.

ಒಂದು ದಿನ ರಾಣಿ ಹೊಲದಿಂದ ಕುಂಟುತ್ತ ಬಂತು.

"ಮೂಳೆ ಮುರ್ದೋಗೈತೆ. ಇನ್ನಿದು ಓಡಾಕಿಲ್ಲ" ಎಂದ ತಾತ, ಮನುಷ್ಯರಿಗೆ ಮಾಡುವಂತೆಯೇ ಉದ್ದಿನಹಿಟ್ಟಿಗೆ ಮೊಟ್ಟೆ ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು ಕಾಲು ಕಟ್ಟಿದರು. ನಾನು ಊಟ ಬಿಟ್ಟು ಅಳುತ್ತ ಕೂತೆ.

ಸಂಜೆಯೊಳಗೆ ರಾಣಿ ಮೊಟ್ಟೆಯ ಆಸೆಗೆ ಇಡೀ ಕಟ್ಟನ್ನೇ ನೆಕ್ಕಿ ಕಿತ್ತುಹಾಕಿತ್ತು. ಅಜ್ಜಿ ಪಾದ ಹಿಡಿದು ನೋಡಿದರೆ, ಬೆರಳ ಸಂದಿಯ ಕೂದಲಲ್ಲಿ ಅಂಟುಮುಳ್ಳಿನ ಗಂಟು!

"ನಿಮ್ ವೈದ್ಯಕ್ಕಿಷ್ಟು ಬೆಂಕಿ ಹಾಕ" ಎನ್ನುತ್ತ ಹರಳೆಣ್ಣೆ ಸವರಿ, ಮೆಲ್ಲಗೆ ಬಿಡಿಸಿದಳು. ರಾಣಿ ಅಂಗಳವೆಲ್ಲ ಓಡಿತು. ನಾನೂ ಹಿಂದೆಯೇ ಓಡಿದೆ.

"ನಾನು ಕಟ್ಟಿದ್ಕೇ ವಾಸಿಯಾಗಿದ್ದು" ಎಂದರು ತಾತ.

ಇವತ್ತು ನಮ್ಮ ನಾಯಿಯೂ ಹಾಗೆಯೇ ಕುಂಟಿತು. ಬೆರಳ ಸಂದಿ ಬಿಡಿಸಿ ನೋಡಿದರೆ ಅಂಥದ್ದೇ ಮುಳ್ಳಿನ ಗಂಟು; ಹರಳೆಣ್ಣೆ ಸವರಿ ಬಿಡಿಸಿದೆ.

"ಒಂದು ಮೊಟ್ಟೆ ತಗೊಂಬಾರೇ" ಎಂದೆ.

ಈ ಕತೆ ಗೊತ್ತಿದ್ದ ಮಗಳು ನಕ್ಕಳು. "ಕಟ್ಟೋಕಾಮ್ಮಾ?"

"ಅಲ್ಲ ಕಣೇ, ತಿನ್ಸೋಕೆ."