ಬಂದ ತಂಡದ ಊಟ

ನೋವಿಗೆ ಹೊಡೆಯುವ ಸ್ಪ್ರೇ, ಗುಟ್ಕಾದ ಉಗುಳು, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಬೇಯುವ ಮಿರ್ಚಿ, ಈ ಮೂರೂ ಸೇರಿದರೆ ಎಂಥ ವಾಸನೆ ಹುಟ್ಟುತ್ತದೆಂದು ತಿಳಿಯಬೇಕಾದರೆ ಚಳ್ಳಕೆರೆಗೆ ಬಂದು ನಮ್ಮ ಕಬಡ್ಡಿ ತಂಡದ ತವರಿನ ಪಂದ್ಯ ನೋಡಬೇಕು. ಮಗಳ ಹಟಕ್ಕೆ ಈ ಸಲ ಒಂದೂ ಬಿಡದೆ ಹೋದೆ. ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಮೆಟ್ಟಿಲ ಮೇಲಿನ ಕೆಂಪು ಉಗುಳನ್ನು ಸೀರೆ ಎತ್ತಿಕೊಂಡು ದಾಟಿ ಒಳಗೆ ಕೂತರೆ, ಕಿವಿಯ ತಮಟೆ ಹರಿಯುವಂಥ ಹಾಡು. ತಂಡದ ಧಣಿಯ ಮುಖವಿರುವ ಫ್ಲೆಕ್ಸು ಎಲ್ಲಿ ನೋಡಿದರಲ್ಲಿ. ಹೊರಗಿನ ತಂಡ ಮ್ಯಾಟಿಗೆ ಕಾಲಿಟ್ಟಿತೋ ಇಲ್ಲವೋ, ಅವರ ತಾಯಿ ತಂಗಿಯರನ್ನೆಲ್ಲ ಹಿಡಿದು ಬೈಗುಳ ಶುರು. ಬೈಯುವವರಲ್ಲಿ ಮೀಸೆ ಮೂಡದವರೂ ಇದ್ದಾರೆ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರೂ ಇದ್ದಾರೆ. ನೀರಿನ ಪ್ಯಾಕೆಟ್ಟನ್ನು ಅರ್ಧ ಕುಡಿದು ಉಳಿದರ್ಧವನ್ನು ಆ ಹುಡುಗರ ಬೆನ್ನಿಗೆ ಎಸೆಯುತ್ತಾರೆ. ಆಮೇಲೆ ಇಬ್ಬರು ಬಕೆಟ್ಟು, ಬಟ್ಟೆ ಹಿಡಿದು ಬಗ್ಗಿಕೊಂಡು ಓಡಿಬಂದು ಮ್ಯಾಟಿನ ಮೇಲಿನ ಬೆವರು ಒರೆಸುತ್ತಾರೆ. ಆ ಬಕೆಟ್ಟು ಕಂಡಾಗ ಮಾತ್ರ ನಾನು ಚಳ್ಳಕೆರೆಯಲ್ಲಿರುವುದಿಲ್ಲ, ಮೊಳಕಾಲ್ಮೂರಿನಲ್ಲಿ ಜೇಜಿಯ ಪಕ್ಕ ಜಗುಲಿಯ ಮೇಲೆ ಕೂತಿರುತ್ತೇನೆ.

ಜೇಜಿ ಎಂದರೆ ನಮ್ಮಪ್ಪನ ತಾಯಿ. ನೇಕಾರರ ಬೀದಿಯ ನಮಗೆ ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಪಡಸಾಲೆಯ ತುಂಬ ಮಗ್ಗಗಳಿದ್ದ ಮನೆ ಅದು. ಮಲಗಲು ಜಾಗ ಹುಡುಕಬೇಕಿತ್ತು, ಆದರೆ ಉಣ್ಣಲು ಬಂದವರಿಗೆ ಜಾಗ ಸಾಲಲಿಲ್ಲವೆಂದು ಯಾರೂ ಹೇಳಿದ್ದಿಲ್ಲ. ಹಿತ್ತಲಿನಲ್ಲಿ ದೊಡ್ಡ ಒಲೆ, ಅದರ ಮೇಲೆ ಕೊಪ್ಪರಿಗೆ. ಹಸಿ ರೇಷ್ಮೆಯನ್ನು ಸೋಪು, ಸೋಡಾ ಹಾಕಿ ಅದರಲ್ಲಿ ಬೇಯಿಸಿದರೆ ಎಳೆಗೆ ಹತ್ತಿದ ಅಂಟೆಲ್ಲ ಬಿಡುತ್ತಿತ್ತು. ರೇಷ್ಮೆ ಹೊಳೆಯುತ್ತ ಮೇಲೆ ಬರುತ್ತಿತ್ತು, ಕೊಪ್ಪರಿಗೆಯಲ್ಲಿ ಉಳಿಯುತ್ತಿದ್ದುದು ಲೋಳೆ ಲೋಳೆಯಾದ ಹಳದಿ ನೀರು. ಅದರ ನಾತ ಬೀದಿಗೆಲ್ಲ ಹರಡಿರುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ವಾಸನೆ ಎನ್ನುವುದೇ ಗೊತ್ತಿರಲಿಲ್ಲ.

ಬೆಳಿಗ್ಗೆ ಮಗ್ಗಕ್ಕೆ ಏರಿಸುವ ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಚ್ಚಿ ಸರಿಮಾಡುತ್ತಿದ್ದ ಮನೆ ಮುಂದಿನ ಬಯಲೇ ಸಂಜೆ ಕಬಡ್ಡಿಯ ಅಂಕಣ. ತಂಡ ಕಟ್ಟಿದವನು ನಮ್ಮ ತಾತ. ನಾನು ಹುಟ್ಟುವ ಮೊದಲೇ ಅವನು ಹೋದ, ತಂಡ ಉಳಿಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ಚಿನ್ನಾನ, ಅಂದರೆ ನನ್ನ ಚಿಕ್ಕಪ್ಪ, ಅದರ ನಾಯಕ. ದಿನವಿಡೀ ಮಗ್ಗ ತುಳಿದ ಕಾಲುಗಳಲ್ಲವೇ, ನಮ್ಮವರು ಅಂಕಣದಲ್ಲಿ ನಿಂತರೆ ನೆಟ್ಟ ಕಂಬ. ನಮ್ಮೂರಲ್ಲಿ ಆಟವಿದ್ದ ದಿನ ಮಧ್ಯಾಹ್ನಕ್ಕೇ ಮಗ್ಗದ ಸದ್ದು ನಿಲ್ಲುತ್ತಿತ್ತು. ಆ ದಿನ ಬಂದ ತಂಡದ ಊಟ ನಮ್ಮ ಮನೆಯಲ್ಲಿ. ಗೆದ್ದರೂ ಅಷ್ಟೆ, ಸೋತರೂ ಅಷ್ಟೆ. ಬೆಳಗಿನಿಂದ ಜೇಜಿ ಹೂರಣ ರುಬ್ಬಿ, ಮಾವಿನಕಾಯಿ, ಬೇಳೆಯ ಪಪ್ಪು ಮಾಡಿ, ಮುತ್ತುಗದ ಎಲೆ ಒರೆಸಿಟ್ಟು, ಸಂಜೆ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಬಂದವರ ಕಾಲಿಗೆ ಅವಳೇ ನೀರು ಹೊಯ್ಯಬೇಕು. ನಾಯಕನಿಗೂ ಎರಡು ಕೆಲಸಗಳಿದ್ದವು. ಅರ್ಧ ಆಟ ಮುಗಿದು ಎರಡೂ ಕಡೆಯವರು ಜಾಗ ಬದಲಿಸುವಾಗ, ಧೂಳು ಕೂರಲೆಂದು ಬಂದವರು ನಿಲ್ಲುವ ಕಡೆಗೆ ಅವನೇ ಕೈಯಾರೆ ನೀರು ಚಿಮುಕಿಸಬೇಕು. ಊಟಕ್ಕೆ ಕೂತಾಗ ಅವರ ಹೋಳಿಗೆಗೆ ಅವನೇ ತುಪ್ಪ ಬಡಿಸಬೇಕು. ನಮ್ಮೂರಲ್ಲಿ ಆಡುವುದೆಂದರೆ ಇಷ್ಟೂ ಸೇರಿತ್ತು. ನಿಮ್ಮ ಊರಿನಲ್ಲೂ ಇಂಥದ್ದೊಂದು ಇದ್ದಿರಬೇಕು, ಹೆಸರು ಬೇರೆ ಇರಬಹುದು.

ಹಾಗಿರುವಾಗ ಜಲ್ಲಿ ಕ್ರಷರಿನ ಧಣಿಯೊಬ್ಬ ಬಂದ. ಚಳ್ಳಕೆರೆಯಲ್ಲಿ ಸಂಬಳದ ತಂಡ ಕಟ್ಟುತ್ತೇನೆ, ಊರೂರಲ್ಲಿ ಆಡಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಚಿನ್ನಾನನನ್ನು ನಾಯಕ ಮಾಡುವ ಮನಸ್ಸಿದೆ, ಆದರೆ ತನಗೆ ಬೇಕಾದದ್ದು ಗೆಲ್ಲುವ ಆಳು, ಮುಂದಿನ ಆಟ ನೋಡಿ ಹೇಳುತ್ತೇನೆ ಎಂದಿದ್ದನಂತೆ. ಮುಂದಿನ ಆಟ ಸಿದ್ದಾಪುರದ ಕಡೆಯ ಕುರಿಗಾಹಿ ಹುಡುಗರ ಜೊತೆ ಗೊತ್ತಾಗಿತ್ತು. ಅವರು ಟ್ರ್ಯಾಕ್ಟರಿನಲ್ಲಿ ಬಂದರು. ಬಂಡೆಯಿಂದ ಬಂಡೆಗೆ ಹಾರುತ್ತ ಕುರಿ ತಿರುವುವ ಕಾಲುಗಳು ನಮ್ಮವರನ್ನು ಲೆಕ್ಕಕ್ಕೇ ಇಡಲಿಲ್ಲ. ಪಾಲಯ್ಯ ಎನ್ನುವ ತೆಳ್ಳನೆಯ ಹುಡುಗನಂತೂ ಒಳಗೆ ಬಂದು ಮುಟ್ಟಿ, ಹಿಡಿಯಲು ಹೋದವರ ಕಂಕುಳಲ್ಲೇ ನುಸುಳಿ ವಾಪಸಾಗುತ್ತಿದ್ದ. ನಮ್ಮ ಬೀದಿಯವರೂ ಅವನಿಗೆ ಶಿಳ್ಳೆ ಹಾಕಿದರು. ಕುರ್ಚಿ ಹಾಕಿಸಿಕೊಂಡು ಕೂತಿದ್ದ ಧಣಿ ಮಾತ್ರ ಗಡಿಯಾರ ನೋಡಿಕೊಳ್ಳುತ್ತಿದ್ದ.

ಅರ್ಧ ಆಟ ಮುಗಿಯಿತು. ಚಿನ್ನಾನ ಹಿತ್ತಲಿಗೆ ಹೋಗಿ ಬಕೆಟ್ಟು ತಂದ, ಅಂಗೈಯಲ್ಲಿ ಎತ್ತಿ ಎತ್ತಿ ಚಿಮುಕಿಸಿದ, ಎಂದಿನಂತೆಯೇ. ಯಾರಿಗೆ ಏನು ಅನುಮಾನ ಬರಬೇಕು? ಆಮೇಲೆ ನೋಡಿದರೆ ಆ ಹುಡುಗರ ಕಾಲು ನೆಲದಲ್ಲಿ ನಿಲ್ಲುತ್ತಿಲ್ಲ. ಹಿಡಿಯಲು ನುಗ್ಗಿದವರು ಜಾರುತ್ತಾರೆ, ಹಿಂದೆ ಸರಿಯುವವರು ಕುಕ್ಕರಿಸುತ್ತಾರೆ. ಪಾಲಯ್ಯ ನಮ್ಮ ಚಿನ್ನಾನನನ್ನು ತಡೆಯಲು ಹೋಗಿ ಜಾರಿದ. ಒಂದು ಕಾಲು ಮುಂದಕ್ಕೆ ಹೋಯಿತು, ಇನ್ನೊಂದು ಮೊಣಕಾಲಿನಲ್ಲಿ ಬೇರೆ ಕಡೆಗೇ ತಿರುಗಿತು. ಅವನು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವನನ್ನು ಬದಿಗೆ ಮಲಗಿಸಿ ಆಟ ಮುಗಿಸಿದರು. ನಾವು ಗೆದ್ದೆವು. ಧಣಿ ಎದ್ದು ಬಂದು ಚಿನ್ನಾನನ ಹೆಗಲಿಗೆ ಶಾಲು ಹಾಕಿದ.

ಸಿದ್ದಾಪುರದವರ ಜೊತೆ ಬಂದಿದ್ದ ಹಿರಿಯ ಬೋರಯ್ಯ. ಆಟದಲ್ಲಿ ಏಟು ಬೀಳುವುದು ಇದ್ದದ್ದೇ ಎಂದು ಹುಡುಗರನ್ನು ಸಮಾಧಾನ ಮಾಡಿ, ಪಾಲಯ್ಯನ ಮೊಣಕಾಲಿಗೆ ಬಟ್ಟೆ ಸುತ್ತಿ, ವಾಡಿಕೆಯಂತೆ ನಮ್ಮ ಮನೆಗೆ ಕರೆತಂದ. ಜೇಜಿ ಒಬ್ಬೊಬ್ಬರ ಕಾಲಿಗೂ ನೀರು ಹೊಯ್ದಳು. ಪಾಲಯ್ಯನಿಗೆ ಬಗ್ಗಿ ಕಾಲು ತೊಳೆಯಲು ಆಗಲಿಲ್ಲ. ಅವನನ್ನು ಜಗುಲಿಯ ಮೇಲೆ ಕೂರಿಸಿ ಅವಳೇ ಕೆಳಗೆ ಕೂತು, ಬೇಡ ಬೇಡ ಅಂದರೂ ಕೇಳದೆ, ಅವನ ಪಾದ ಹಿಡಿದು ಕೆಸರು ಉಜ್ಜಿದಳು. ಉಜ್ಜುತ್ತಿದ್ದ ಕೈ ನಿಂತಿತು. ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ತಾಗಿಸಿ ಬಿಡಿಸಿ ನೋಡಿದಳು. ಲೋಳೆ ದಾರದ ಹಾಗೆ ಎಳೆಯಿತು. ಮದುವೆಯಾಗಿ ಬಂದ ದಿನದಿಂದ ಅವಳ ಕೈ ತಿಳಿದಿದ್ದ ಲೋಳೆ ಅದು, ರೇಷ್ಮೆ ಬಿಟ್ಟ ಅಂಟು. ಆ ದಿನ ಬೀದಿಯಲ್ಲಿ ರೇಷ್ಮೆ ಬೇಯಿಸಿದ್ದು ನಮ್ಮ ಹಿತ್ತಲಲ್ಲಿ ಮಾತ್ರ. ಅವಳು ತಲೆ ಎತ್ತಿ ಒಳಗೆ ನೋಡಿದಳು. ಒಳಗೆ ಚಿನ್ನಾನ ಶಾಲು ಹೊದ್ದುಕೊಂಡೇ ತುಪ್ಪದ ಗಿಂಡಿ ಹಿಡಿದು ನಿಂತಿದ್ದ.

ಅವಳು ಸುಮ್ಮನಿರಬಹುದಿತ್ತು. ಅವಳು ಸುಮ್ಮನಿದ್ದಿದ್ದರೆ ಗೊತ್ತಾಗುತ್ತಿದ್ದವರು ಯಾರೂ ಇರಲಿಲ್ಲ. ಆ ಹುಡುಗರು ಉಂಡು, ಕೈ ಮುಗಿದು ಹೋಗುತ್ತಿದ್ದರು, ಮನೆಯ ಮಾತೂ ಉಳಿಯುತ್ತಿತ್ತು, ಮಗನ ಮಾನವೂ ಉಳಿಯುತ್ತಿತ್ತು. ಎಲೆಯ ಮುಂದೆ ಎಲ್ಲರೂ ಕೂತಿದ್ದರು, ಹೋಳಿಗೆ ಬಿದ್ದಿತ್ತು. ಚಿನ್ನಾನ ಬೋರಯ್ಯನ ಎಲೆಯ ಮುಂದೆ ಬಗ್ಗಿದ. ಜೇಜಿ ಅವನ ಕೈಯಿಂದ ಗಿಂಡಿ ತೆಗೆದುಕೊಂಡಳು.

“ಇವತ್ತು ನಮ್ಮೋರು ಗೆದ್ದಿಲ್ಲ ಕಣಪ್ಪಾ,” ಅಂದಳು. “ನಿಮ್ಮ ಕಾಲಿಗೆ ಹತ್ತಿರೋದು ನಮ್ಮನೆ ರೇಷ್ಮೆ ಬೇಯಿಸಿದ ನೀರು. ಚಿಮುಕಿಸಿದೋನು ನನ್ನ ಮಗ.”

ಬೋರಯ್ಯ ತನ್ನ ಎಲೆಯನ್ನೇ ನೋಡುತ್ತ ಕೂತ. ಆಮೇಲೆ ಒಂದು ತುತ್ತನ್ನೂ ಮುಟ್ಟದ ಆ ಎಲೆಗೆ ಕೈ ಮುಗಿದು ಎದ್ದ.

“ಅವ್ವಾ, ನೀವು ಸುಮ್ನಿದ್ದಿದ್ರೆ ಉಂಡು ಹೋಗ್ತಿದ್ವಿ. ಈಗ ಹೆಂಗೆ ಉಣ್ಣಾನ, ಈ ಹುಡುಗನ ಕಾಲು ಇಲ್ಲೇ ಕಣ್ಣ ಮುಂದೈತೆ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಬರ್ತೀವಿ.”

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಪಾಲಯ್ಯನನ್ನು ಇಬ್ಬರು ಹೊತ್ತುಕೊಂಡರು. ಜೇಜಿ ಟ್ರ್ಯಾಕ್ಟರಿನವರೆಗೂ ಹಿಂದೆ ಹೋದಳು, ಹೋಳಿಗೆಯನ್ನಾದರೂ ಕಟ್ಟಿಕೊಡಲೇ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ತಾತನ ಕಾಲದಿಂದ ಈಚೆಗೆ, ಬಂದ ತಂಡವೊಂದು ಹಸಿದು ಹೋದದ್ದು ಅದೇ ಮೊದಲು.

ನನಗೆ ಹೇಸಿಗೆ ಅನ್ನಿಸುವುದು ಆ ಬಕೆಟ್ಟಿನ ನೀರಿನ ಬಗ್ಗೆ ಅಲ್ಲ, ಅದರ ಮುಂದಿನದರ ಬಗ್ಗೆ. ವಾಪಸು ಬಂದ ಜೇಜಿ, ಗೋಡೆಗೆ ಒರಗಿ ನಿಂತಿದ್ದ ಮಗನಿಗೆ ಬೋರಯ್ಯನ ಎಲೆ ತೋರಿಸಿ ಹೇಳಿದಳು: “ತಿನರಾ. ಗೆಲ್ಚಿಂದಿ ನುವ್ವೇ ಗದಾ.” ತಿನ್ನು, ಗೆದ್ದವನು ನೀನೇ ತಾನೇ, ಎಂದು. ಅವನು ಅತ್ತುಬಿಡುತ್ತಾನೆ, ಕಾಲಿಗೆ ಬೀಳುತ್ತಾನೆ, ಇಲ್ಲ ಟ್ರ್ಯಾಕ್ಟರಿನ ಹಿಂದೆ ಓಡುತ್ತಾನೆ ಎಂದು ನಾವೆಲ್ಲ ಅಂದುಕೊಂಡೆವು. ಜೇಜಿಯೂ ಅದಕ್ಕೇ ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಅವನು ಕೂತ. ಉಂಡ. ಹೋಳಿಗೆ ಮುರಿದು, ಪಪ್ಪಿಗೆ ಅನ್ನ ಕಲಸಿ, ಬೆರಳು ನೆಕ್ಕಿಕೊಂಡು ಉಂಡ. ನಡುವೆ ಒಮ್ಮೆ ತಲೆ ಎತ್ತದೆಯೇ ತುಪ್ಪ ಎಂದ. ಜೇಜಿ ಬಡಿಸಿದಳು. ತಾನೇ ಹೆತ್ತು ಸಾಕಿದವನನ್ನು ಅವಳು ಆ ಹೊತ್ತು ಯಾರೋ ಬೇರೆಯವರನ್ನು ನೋಡುವಂತೆ ನೋಡುತ್ತಿದ್ದಳು. ಅವನು ನಮ್ಮ ಯಾರ ಕಡೆಗೂ ನೋಡದೆ ಕೈ ತೊಳೆಯಲು ಹೋದ.

ಮರುವಾರ ಅವನು ಚಳ್ಳಕೆರೆಗೆ ಹೋದ. ಧಣಿಯ ತಂಡದ ನಾಯಕನಾದ, ಆಮೇಲೆ ತರಬೇತಿ ಕೊಡುವವನಾದ. ಪಾಲಯ್ಯನ ಮೊಣಕಾಲು ಮಡಚದೆ ಉಳಿಯಿತು, ಬೆಟ್ಟ ಹತ್ತಲಾರದೆ ಅವನು ಕುರಿ ಮಾರಿದ ಎಂದು ರಾಂಪುರದ ಸಂತೆಯಲ್ಲಿ ಯಾರೋ ಹೇಳಿದ್ದನ್ನು ಅಪ್ಪ ಬಂದು ಹೇಳಿದ. ಜೇಜಿ ಒಂದು ಸಲ ಸಿದ್ದಾಪುರಕ್ಕೆ ಹೋಗಿಬಂದಳು. ಯಾರನ್ನು ಕಂಡಳೋ, ಏನು ಮಾತಾಡಿದಳೋ ಹೇಳಲಿಲ್ಲ. ನಮ್ಮ ಬಯಲಲ್ಲಿ ಮತ್ತೆ ಆಟ ನಡೆಯಲಿಲ್ಲ. ಚಿನ್ನಾನ ಹಬ್ಬಕ್ಕೆ ಬಂದರೆ ಅವಳು ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು, ಬೈಯುತ್ತಲೂ ಇರಲಿಲ್ಲ. ಆದರೆ ಅವನು ಉಣ್ಣುವಾಗ ಎದುರಿಗೆ ಕೂರುತ್ತಿರಲಿಲ್ಲ, ಏನಾದರೊಂದು ಕೆಲಸ ಹಚ್ಚಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಹಾಗೆಯೇ ಸತ್ತಳು. ಮಗ್ಗಗಳನ್ನು ಬಿಚ್ಚಿದರು, ಮನೆ ಕೈ ಬದಲಾಯಿತು, ಬಯಲಿನಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಆ ಪಡಸಾಲೆ, ಆ ಎಲೆಗಳ ಸಾಲು, ಬಾಗಿಲಲ್ಲಿ ನಿಂತ ಆ ಮುದುಕಿ ಈಗ ನಾಲ್ಕೈದು ಮಂದಿಯ ನೆನಪಿನಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ.

ಈ ಸಲದ ಕೊನೆಯ ತವರಿನ ಪಂದ್ಯದ ದಿನ ಚಳ್ಳಕೆರೆಯಲ್ಲಿ ಚಿನ್ನಾನನಿಗೆ ಸನ್ಮಾನ ಮಾಡಿದರು. ತಲೆ ನೆರೆತಿದೆ, ಹೊಟ್ಟೆ ಬಂದಿದೆ, ಆದರೂ ಹಾರ ಹಾಕಿಸಿಕೊಂಡು ನಿಂತರೆ ನೋಡುವ ಹಾಗೆ ಕಾಣುತ್ತಾನೆ. ಹೊರಗಿನ ತಂಡದ ಹುಡುಗರು ಜನ ಎಸೆದ ನೀರನ್ನು ಕತ್ತಿನಿಂದ ಒರೆಸಿಕೊಳ್ಳುತ್ತ ಒಂದು ಮೂಲೆಯಲ್ಲಿ ನಿಂತಿದ್ದರು. ಚಿನ್ನಾನ ಮೈಕು ಹಿಡಿದು ಹಳೆಯ ಕಾಲದ ಆಟದ ಬಗ್ಗೆ ನಾಲ್ಕು ಮಾತಾಡಿದ. ಕೊನೆಗೆ ದನಿ ತಗ್ಗಿಸಿ ಹೇಳಿದ:

“ನಮ್ಮನೆಗೆ ಬಂದ ತಂಡ ಒಂದ್ಸಲನೂ ಉಣ್ಣದೆ ಹೋಗಿಲ್ರಿ. ಅದು ನಮ್ಮವ್ವ ಕಲಿಸಿದ್ದು.”

ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ನಟನೆಯಾಗಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಅವನು ಅದನ್ನು ನಂಬಿಬಿಟ್ಟಿದ್ದ. ಜನ ಎದ್ದು ನಿಂತರು. ಮಗಳು ನನ್ನ ಕಡೆ ತಿರುಗಿ, ಹೌದಾ ಅಮ್ಮಾ ಎಂದು ಕೇಳಿದಳು. ಒಂದು ತಂಡ ಹೋಗಿತ್ತು ಕಣೇ ಎಂದೆ. ಹಾಡು ಶುರುವಾಗಿತ್ತು. ಅವಳಿಗೆ ಕೇಳಿಸಲಿಲ್ಲ, ಅವಳೂ ಎದ್ದು ಚಪ್ಪಾಳೆ ತಟ್ಟುತ್ತಿದ್ದಳು.